ಹೊಟ್ಟೆಗೆ ಹಾಕಿಕೊಂಡದ್ದು

ಆರು ವರ್ಷ, ಆರುನೂರ ಹನ್ನೊಂದು ಹೊಟ್ಟೆ.
ಒಂದೊಂದಕ್ಕೂ ಒಂದು ಸಾಲು, ಸಾಲಿಗೆ ನಲವತ್ತು ಕಾಲಂ:
ವಯಸ್ಸು, ನಾಡಿ, ಸ್ಕ್ಯಾನ್ ಆದ ಗಂಟೆ,
ಬಾಗಿಲಿಂದ ಮೇಜಿಗೆ ಹಿಡಿದ ಹೊತ್ತು.
ಕಟ್ಟಕಡೆಗೆ ಮೂವತ್ತನೆಯ ದಿನ:
ಬದುಕಿದ್ದರೆ ಒಂದು. ಇಲ್ಲದಿದ್ದರೆ ಸೊನ್ನೆ.

ಗ್ರಿಮ್ಸ್‌ಬಿಯಲ್ಲಿ ಸರ್ಜನ್ನರನ್ನು ಯಾರೂ ಡಾಕ್ಟರ್ ಅನ್ನುವುದಿಲ್ಲ.
ಐವತ್ತೆರಡು ತುಂಬಿದ ನಾನು ಇಲ್ಲಿ ಮಿಸ್.
ಗದಗದಲ್ಲಿ ಮಿಸ್ ಎಂದರೆ ಮಗ್ಗಿ ಹೇಳಿಸುವವಳು.
ಸರಿಯೇ. ಹೇಳಿಸುತ್ತಿದ್ದೇನೆ:
ತೂತಾದ ಕರುಳು ಒಂದು ಗಂಟೆ ಕಾದರೆ ಇಷ್ಟು,
ಎರಡು ಗಂಟೆ ಕಾದರೆ ಅಷ್ಟು,
ಮುದಿ ಮೈಯಾದರೆ ಅದರ ಮೇಲಿಷ್ಟು.

ಹೊಟ್ಟೆಗೆ ಇವರ ಫಾರ್ಮಿನಲ್ಲಿ ಒಂದೇ ಖಾನೆ.
ನನ್ನ ಮಾತಿನಲ್ಲಿ ಕಿಚ್ಚು ಹತ್ತುವುದೂ ಅಲ್ಲೇ,
ಪಾಡು ಸಾಗುವುದೂ ಅದಕ್ಕೇ,
ತಣ್ಣಗಿರಲಿ ಎಂದು ಅಜ್ಜಿ ಹರಸುತ್ತಿದ್ದದ್ದೂ ಅದನ್ನೇ.
ಸೀಳಿ ನೋಡಿದವಳು ನಾನು. ಇದ್ಯಾವುದೂ ಕಣ್ಣಿಗೆ ಬಿದ್ದಿಲ್ಲ.
ಹಬೆ, ಕೀವು, ಬೂದಿಬಣ್ಣಕ್ಕೆ ತಿರುಗಿದ ಗೇಣುದ್ದ ಕರುಳು.

ಎಂಬತ್ತೆಂಟನೆಯ ಸಾಲು.
ಗಂಡಸು, ಎಪ್ಪತ್ತೊಂಬತ್ತು.
ವಿಲ್ಫ್ರೆಡ್ ಟಾಸ್ಕರ್, ಬಂದರಿನ ಹೊಗೆಮನೆಯಲ್ಲಿ
ನಲವತ್ತೊಂದು ವರ್ಷ ಹ್ಯಾಡಕ್ ಮೀನಿಗೆ ಹೊಗೆ ಕೊಟ್ಟವನು.
ಇದು ಕಾಲಮ್ಮಿನಲ್ಲಿಲ್ಲ.
ಅಯೋಡಿನ್ ಬಳಿದ ಮೇಲೂ ಆ ಚರ್ಮ ಹೊಗೆ ನಾರುತ್ತಿತ್ತು,
ಅದೂ ಇಲ್ಲ.
ಸ್ಕ್ಯಾನಿನ ಸುದ್ದಿ ಬಂದದ್ದು ರಾತ್ರಿ ಒಂದೂ ನಲವತ್ತಕ್ಕೆ.
ಎರಡನೆಯ ತಂಡವನ್ನು ಮನೆಗಳಿಂದ ಎಬ್ಬಿಸಿ ಕರೆಸಬೇಕಿತ್ತು.
ಹೊರಗೆ ಹಿಮ. ಹಿಂದಿನ ರಾತ್ರಿಯೂ ನಾನು ಮಲಗಿರಲಿಲ್ಲ.
ಬೆಳಗಾಗಲಿ, ನೋಡೋಣ, ಅಂದೆ.
ಕಾಲಂ ಹನ್ನೆರಡು: ಏಳು ಗಂಟೆ ಹತ್ತು ನಿಮಿಷ.
ಕಾಲಂ ನಲವತ್ತು: ಒಂದು.

ವರ್ಷ ತುಂಬಿದವರಿಗೆ ನಾನೇ ಫೋನ್ ಮಾಡುತ್ತೇನೆ.
ಮೆಟ್ಟಿಲು ಹತ್ತುತ್ತೀರಾ? ಅಂಗಡಿಗೆ ಹೋಗುತ್ತೀರಾ?
ಮತ್ತೆ ಇಂಥದೇ ಬಂದರೆ ಆಪರೇಷನ್ನಿಗೆ ಒಪ್ಪುತ್ತೀರಾ?
ಒಬ್ಬಾಕೆಗೆ ನನ್ನ ನೆನಪೇ ಇರಲಿಲ್ಲ;
ಅರಿವಳಿಕೆ ಕೊಡುವಾಗ ಪಾದ ಹಿಡಿದುಕೊಂಡಿದ್ದ ಪೋರ್ಟರ್ ಹುಡುಗ
ಈಗೆಲ್ಲಿದ್ದಾನೆ ಎಂದು ಕೇಳಿದಳು.
ಇನ್ನೊಬ್ಬ ಬೈದು ಫೋನಿಟ್ಟ.

ಟಾಸ್ಕರ್ ಮನೆಯಲ್ಲಿ ಎತ್ತಿಕೊಂಡವಳು ಡೊರೀನ್.
"ಅವನಿಲ್ಲವಲ್ಲಮ್ಮ."
ಯಾವಾಗ ಬರುತ್ತಾರೆ, ಅಂದೆ.
ಅಂದುಬಿಟ್ಟೆ.
ಮೂವತ್ತಮೂರನೆಯ ದಿನವಂತೆ, ಸ್ಕೆಗ್ನೆಸ್ಸಿನಲ್ಲಿ, ಮಗಳ ಮನೆಯಲ್ಲಿ,
ನನ್ನ ಹಾಳೆ ಅವನನ್ನು ಬದುಕಿದ ಎಂದ ಮೂರು ದಿನಕ್ಕೆ.

"ಹೊಲಿದವಳು ನೀನೇನಾ? ಅಚ್ಚುಕಟ್ಟಾಗಿತ್ತು.
ದಿನಾ ನಾನೇ ಒರೆಸುತ್ತಿದ್ದೆ."
ಅವಳು ಕೇಳದ ಪ್ರಶ್ನೆಗೆ ನಾನೇ ಉತ್ತರ ಕೊಟ್ಟೆ:
ರಾತ್ರಿಯೇ ಮಾಡಬಹುದಿತ್ತು. ಕಾಯಿಸಿದ್ದು ನಾನು.
ಕೆಟಲ್ ಕುದಿದು ತಾನೇ ಆರಿದ ಟಕ್ ಸದ್ದು.
ಕಡಲಹಕ್ಕಿಗಳು.
"ದಣಿದಿದ್ದಿಯೇನೋ ನೀನು," ಅಂದಳು.

ಅವಳ ಇಂಗ್ಲಿಷಿನಲ್ಲಿ ಇದ್ದದ್ದು ಅಷ್ಟೇ.
ಹೊಟ್ಟೆಗೆ ಹಾಕಿಕೊಂಡಳು ಎನ್ನಲೇ?
ಕ್ಷಮೆಗೂ ಸುಸ್ತಿಗೂ ಫೋನಿನಲ್ಲಿ ದನಿ ಒಂದೇ.

ನಿಯಮದ ಪ್ರಕಾರ ಆ ಸಾಲು ಇವತ್ತಿಗೂ ಒಂದು.
ಅಡಿಟಿಪ್ಪಣಿ ಹಾಕಿದ್ದೆ, ಪರಿಶೀಲಕರು ತೆಗೆಸಿದರು: ವಿಷಯಕ್ಕೆ ಹೊರತು.
ಹ್ಯಾರೊಗೇಟಿನಲ್ಲಿ ಏಳು ನಿಮಿಷ ಓದಿದೆ. ಚಪ್ಪಾಳೆಯಾಯಿತು.
ಎರಡನೆಯ ತಂಡ ಈಗ ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇರುತ್ತದೆ,
ಇಸ್ಪೀಟಾಡುತ್ತಾ.

ಕಳೆದ ವಾರ ವಾರ್ಡಿಗೆ ಒಂದು ಪೊಟ್ಟಣ ಬಂತು: ಹೊಗೆ ಹಾಕಿದ ಹ್ಯಾಡಕ್,
ಮೇಲೆ ನೀಲಿ ಪೆನ್ನಿನಲ್ಲಿ, ರಾತ್ರಿಪಾಳಿಯವರಿಗೆ.
ಸಿಸ್ಟರ್ ಜೋಸೆಲಿನ್ ಅನ್ನ ಮಾಡಿ, ಮೇಲೊಂದು ತುಂಡಿಟ್ಟು ಕೊಟ್ಟಳು.
ಮೀನು ತಿಂದು ಬೆಳೆದವಳಲ್ಲ ನಾನು. ತಟ್ಟೆ ಹಿಡಿದು ನಿಂತೆ.
ಅಷ್ಟರಲ್ಲಿ ಬ್ಲೀಪ್ ಕೂಗಿತು:
ಹೆಂಗಸು, ಅರವತ್ತಾರು, ಹೊಟ್ಟೆ ಹಲಗೆಯಾಗಿದೆಯಂತೆ.

ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದೆ.
ಹೊಗೆಯ ವಾಸನೆ ಹೋಗಲಿಲ್ಲ.