ಆರನೆಯ ಗುಳಿ

ಗುರುವಾರ ಹನ್ನೊಂದಕ್ಕೆ ಬರುತ್ತಾಳೆ ಆಯ್ಲಿ ನಿಸ್ಕಲ,
ಒಗೆಯುವುದಕ್ಕೆ ಎರಡು ದಿಂಬಿನ ಗವಸು, ಅಷ್ಟೇ.
ಅಷ್ಟಕ್ಕೆ ಯಂತ್ರ ಯಾಕೆಂದು ನಾನು ಕೇಳುವುದಿಲ್ಲ.
ಬ್ಯೂಟ್ ಊರಿನ ಚಳಿಯಲ್ಲಿ
ನನ್ನ ಲಾಂಡ್ರಿಯ ಬಿಸಿಗಾಳಿ ಪುಕ್ಕಟೆ.

ಡ್ರಮ್ಮು ತಿರುಗತೊಡಗಿದ ಮೇಲೆ ಹಲಗೆ ತೆಗೆಯುತ್ತಾಳೆ,
ಗಣಿಯ ಸೂರು ಹೊತ್ತಿದ್ದ ತೊಲೆಯೊಂದರ ಸೀಳು,
ಗೇಣುದ್ದ. ಅದರಲ್ಲಿ ಆರು ಗುಳಿ:
ಸೆಂಟು, ನಿಕಲ್ಲು, ಡೈಮು, ಕ್ವಾರ್ಟರು, ಅರ್ಧ, ಇಡಿ ಡಾಲರು.
ಹತ್ತು ಸೆಂಟಿನ ಡೈಮಿಗೆ ಎಲ್ಲಕ್ಕಿಂತ ಚಿಕ್ಕ ಗುಳಿ;
ಬೆಲೆಗೂ ಗಾತ್ರಕ್ಕೂ ಈ ದೇಶದಲ್ಲಿ ನೆಂಟಸ್ತಿಕೆ ಇಲ್ಲ.

"ಒಂದೇ ವರ್ಷ, ಬೆಲೆಗೊಂದರಂತೆ ನಾಣ್ಯ.
ಇದಕ್ಕಿಂತ ಹೆಚ್ಚು ಆಸೆಪಟ್ಟರೆ
ಕಪಾಟು ಬೇಕು, ಬೀಗ ಬೇಕು, ಆಮೇಲೆ ನಾಯಿ ಬೇಕು."
ವರ್ಷ ನಲವತ್ತಮೂರು. ಅವಳು ಹುಟ್ಟಿದ್ದು.

ಸೆಂಟು ಉಕ್ಕಿನದು, ಅಂಚಿಗೆ ತುಕ್ಕು.
ಅಯಸ್ಕಾಂತ ತೋರಿಸಿದರೆ ಹಾರಿ ಅಂಟುತ್ತದೆ, ಬೆಕ್ಕಿನ ಮರಿ.
ಅವಳಪ್ಪ ಆರ್ವೋ ಆ ವರ್ಷವಿಡೀ ಅಗೆದದ್ದು ತಾಮ್ರ,
ಅದೆಲ್ಲ ಯುದ್ಧಕ್ಕೆ ಹೋಯಿತು, ತೋಟಾಗಳ ಮೈಗೆ;
ಮಗಳ ವರ್ಷದ ಕಾಸಿಗೆ ಚೂರೂ ಉಳಿಯಲಿಲ್ಲ.
ನಿಕಲ್ಲಿನಲ್ಲೂ ನಿಕಲ್ ಇಲ್ಲ, ಬದಲಿಗೆ ಒಂದಿಷ್ಟು ಬೆಳ್ಳಿ.
"ಆ ವರ್ಷ ಯಾರೂ ತಮ್ಮ ಹೆಸರಿನಂತೆ ಇರಲಿಲ್ಲ," ಎನ್ನುತ್ತಾಳೆ.

ಡೈಮಿನ ಹೆಣ್ಣಿಗೆ ಟೊಪ್ಪಿಗೆಯಲ್ಲೇ ರೆಕ್ಕೆ.
ಅರ್ಧ ಡಾಲರಿನವಳು ಸೂರ್ಯನತ್ತ ನಡೆಯುತ್ತಿದ್ದಾಳೆ,
ಮುಖ ಪೂರಾ ಅಳಿಸಿಹೋಗಿದೆ, ಸೀರಿಯಲ್ಲ, ಬರೀ ನಿರಿಗೆ.
ಹೆಲೆನಾದ ವ್ಯಾಪಾರಿ ಹೊಳೆಯುವುದೊಂದನ್ನು ಮುಂದೆ ಸರಿಸಿದನಂತೆ.
"ಬೇಡ. ಎಂಬತ್ತು ವರ್ಷ ನಡೆದವಳು ಸವೆಯದೆ ಇರುತ್ತಾಳೇನು?"

ಕ್ವಾರ್ಟರು ಸಿಕ್ಕಿದ್ದು ನನಗೆ.
ಒಂಬತ್ತನೇ ಯಂತ್ರದ ಡಬ್ಬಿ ಸುರುವಿದಾಗ
ರಾಶಿಯಲ್ಲಿ ಒಂದರ ದನಿ ಬೇರೆ, ಗಂಟೆಯ ಮರಿಯಂತೆ.
ಅಂಚು ನೋಡಿದೆ: ತಾಮ್ರದ ಗೆರೆ ಇಲ್ಲ. ಬೆಳ್ಳಿ.
ವರ್ಷ ನೋಡಿದೆ.
ಎರಡು ಗುರುವಾರ ಜೇಬಿನಲ್ಲಿಟ್ಟುಕೊಂಡೇ ಅವಳಿಗೆ ನಮಸ್ಕಾರ ಹೇಳಿದೆ.
ಮೂರನೆಯದಕ್ಕೆ ಕೊಟ್ಟೆ. ಬೆಲೆ ಹೆಚ್ಚು ಬಾಳುತ್ತದೆ ಎಂದೂ ಹೇಳಿದೆ.
ಅವಳು ಪರ್ಸು ಬಿಚ್ಚಿ ಹೊಸ ಕ್ವಾರ್ಟರೊಂದನ್ನು ಕೈಯಲ್ಲಿಟ್ಟಳು:
"ಕಾಲಿಗೆ ಕಾಲು. ಲೆಕ್ಕ ಚುಕ್ತಾ."

ಆರನೆಯ ಗುಳಿ ಖಾಲಿ.
ಆ ವರ್ಷ ಡಾಲರು ಟಂಕಿಸಲೇ ಇಲ್ಲ.
ಅಣ್ಣ ಏಯ್ನೋ ಹುಟ್ಟಿದಾಗ ಅಪ್ಪ ತಂದದ್ದು
ಮೂವತ್ತನಾಲ್ಕರ ಬೆಳ್ಳಿ ಡಾಲರು,
ಉರ್ಹೋಗೆ ಮೂವತ್ತೈದರದು.
ಇವಳಿಗೆಂದು ಗಣಿಯ ಬೂಟಿನಲ್ಲೇ ಬ್ಯಾಂಕಿಗೆ ಹೋದ,
ಮೊದಲ ಕಿಟಕಿ, ಎರಡನೆಯ ಕಿಟಕಿ,
ಮೂರನೆಯವನು ಇಲ್ಲವಯ್ಯಾ ಎಂದು ನಕ್ಕ.
ಮನೆಗೆ ಬಂದು ತೊಟ್ಟಿಲು ನೋಡಿ
"ನಿನಗೆ ಸಾಲ ಇದೆ ನನ್ನ ಮೇಲೆ," ಎಂದನಂತೆ.
ಐವತ್ತೊಂದರಲ್ಲಿ ಗಣಿ ಅವನನ್ನು ಇಟ್ಟುಕೊಂಡಿತು.

ಒಮ್ಮೆ ತಮಾಷೆಗೆ ಲಾಂಡ್ರಿಯ ಟೋಕನ್ ಆ ಗುಳಿಗಿಟ್ಟೆ.
ಬೈಯಲಿಲ್ಲ. ಉಗುರಿನಿಂದ ಎಬ್ಬಿಸಿ
ಡ್ರೈಯರಿಗೆ ಹಾಕಿ ಗವಸು ಒಣಗಿಸಿಕೊಂಡಳು.

ಹೋದ ವಾರ ಕೇಳಿದಳು, "ನೀನು ಯಾವ ವರ್ಷದವನು?"
ಎಪ್ಪತ್ತೈದು ಎಂದೆ.
ಕಟ್ಟಿಸಿದ ಹಲ್ಲು ಜಾರುವಷ್ಟು ನಕ್ಕಳು.
"ಅಯ್ಯೋ ಬಡವ, ನಿನಗೆ ಕ್ವಾರ್ಟರಿಲ್ಲ, ಅರ್ಧವಿಲ್ಲ, ಡಾಲರೂ ಇಲ್ಲ.
ದೇಶದ ಹಬ್ಬ ಹತ್ತಿರ ಬಂತೆಂದು
ಹಿಂದಿನದೋ ಮುಂದಿನದೋ ವರ್ಷ ಒತ್ತಿಬಿಟ್ಟರು.
ಮೂರೇ ಮೂರು ಚಿಲ್ಲರೆ ನೀನು."

ಇಪ್ಪತ್ತೆರಡು ವರ್ಷದಿಂದ
ಬಕೆಟ್ಟುಗಟ್ಟಲೆ ಕ್ವಾರ್ಟರು ಎಣಿಸುತ್ತಿದ್ದೇನೆ.
ಒಂದೂ ನನ್ನದಲ್ಲವೆಂದು ಗೊತ್ತಿತ್ತು,
ಇಷ್ಟು ಖಚಿತವಾಗಿ ಗೊತ್ತಿರಲಿಲ್ಲ.

ಹಿತ್ತಲಲ್ಲಿ ಹಳೆಯ ಕೌಂಟರಿನ ಮರ ಬಿದ್ದಿದೆ,
ಕೊರೆಯುವ ಯಂತ್ರ ಅಳಿಯನ ಹತ್ತಿರ ಇದೆ.
ಎಷ್ಟು ಗುಳಿ ಎಂದು ಕೇಳಬೇಕು ಅವಳನ್ನು,
ಗುರುವಾರ.