ಪಿತ್ತ ಬರುವ ಕಂಡಿ

ಉಪ್ಪಳದ ಐತಪ್ಪ ಭಂಡಾರಿಯವರ ರಕ್ತ
ನನ್ನ ಫ್ರೀಜರಿನಲ್ಲಿ ನಲವತ್ತೊಂದನೆಯ ನಳಿಗೆ.
ಹೆಸರು ಬರೆಯುವ ಹಾಗಿಲ್ಲ. ಆದರೂ ತೆಗೆದದ್ದು ನಾನೇ,
ಮುಚ್ಚಳ ತಿರುಗಿಸಿದಾಗೆಲ್ಲ
ಕ್ಷೌರದ ಸಾಬೂನಿನ ವಾಸನೆ ಬಂದಂತಾಗುತ್ತದೆ.

"ಕಳ್ಳ ಸಿಕ್ಕಿದನಾ?" ಕೇಳುತ್ತಾರೆ ಅವರು,
ಕತ್ತರಿಯನ್ನು ಗಾಳಿಯಲ್ಲೇ ಎರಡು ಸಲ ಆಡಿಸಿ.

ಕಳ್ಳನನ್ನು ಹುಡುಕುವುದಲ್ಲ, ಐತಪ್ಪಣ್ಣ.
ಅವನು ವೇಷ ಬದಲಿಸುತ್ತಾನೆ.
ನಾನು ನೋಡುವುದು ಮನೆಯನ್ನು:
ಒಳಗೆ ಬಿಟ್ಟದ್ದು ಯಾರು, ಉಣ್ಣಲಿಕ್ಕೆ ಬಡಿಸಿದ್ದು ಯಾರು,
ಬರೆಯಲು ಬಾರದವನಿಗೆ ಕಾಗದ ಬರೆದುಕೊಟ್ಟ ಕೈ ಯಾವುದು.
ಅವನಿಗೆ ಸ್ವಂತದ್ದೆಂದು ಏನಿಲ್ಲ ನೋಡಿ.
ಒಲೆ ನಮ್ಮದು, ಪಾತ್ರೆ ನಮ್ಮದು,
ಮಾತು ಕೂಡ ಸಿಕ್ಕಿದ ಮನೆಯದು.
ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ,
ಬಸ್ಸಿನ ಬೋರ್ಡಿಗೆ ಮಲಯಾಳ ಕಲಿತವಳು ನಾನು,
ಇದೊಂದಕ್ಕೆ ಅವನನ್ನು ಬೈಯಲು ನನಗೆ ಬಾಯಿಲ್ಲ.

ಪೆರಿಯದ ಲ್ಯಾಬಿನಲ್ಲಿ ತಟ್ಟೆಯ ತಳಕ್ಕಂಟಿ
ಯಕೃತ್ತಿನ ಕೋಶಗಳು.
ಒಂದೊಂದರ ಮೈಯಲ್ಲೂ ಪುಟ್ಟ ಕಂಡಿ,
ಕರುಳಿಗೆ ಹೋದ ಪಿತ್ತದ ಉಪ್ಪನ್ನು
ತಿರುಗಿ ಮನೆಗೆ ಕರೆದುಕೊಳ್ಳಲಿಕ್ಕೆ.
ಕಳ್ಳ ಬಂದದ್ದೂ ಅದರಲ್ಲೇ.
ಸೋಮವಾರ ಮದ್ದು ಹಾಕಿ ಮುಚ್ಚಿದೆ.
ಶನಿವಾರಕ್ಕೆ ಸೋಂಕು ನೂರಕ್ಕೆ ಆರು.
ಮೂರು ಸಲ ಎಣಿಸಿ, ಯಾರಿಗೂ ಹೇಳದೆ
ಕ್ಯಾಂಟೀನಿಗೆ ಹೋಗಿ ಎರಡು ಪಳಂಪೊರಿ ತಿಂದೆ.

ಭಾನುವಾರ ಅವರಿಗೆ ಹೇಳಿದೆ.
ಬ್ಲೇಡು ಮುರಿದು ಡಬ್ಬಿಗೆ ಹಾಕಿದರು,
ಒಂದು ಗಡ್ಡಕ್ಕೆ ಒಂದೇ, ಈಗ ಅದು ಅವರ ವ್ರತ.
"ಕಂಡಿ ಮುಚ್ಚಿದೆ, ಸರಿ ಮಾರಾಯ್ತಿ.
ಪಿತ್ತ ಬರುವುದೆಲ್ಲಿಂದ ಮತ್ತೆ?"

ಆಮೇಲೆ, ತನ್ನಷ್ಟಕ್ಕೆ ಎಂಬಂತೆ:
"ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದ ವರ್ಷ
ರೋಗ ಬರಬಾರದೆಂದೇ ಅಲ್ವಾ ಸುರಿದದ್ದು.
ನನ್ನ ಮಾತ್ರೆ ಇದ್ದದ್ದು ಮಂಗಳೂರಿನಲ್ಲಿ.
ಹದಿನೇಳು ದಿನ."

ಬಿಳಿ ಬಟ್ಟೆ ಕೊಡವಿದರು.

ಈಗ ನನ್ನ ಪಟ್ಟಿಯಲ್ಲಿ ಹೊಸದೊಂದು ಕಾಲಂ:
ಹೊರಗೇ ಉಳಿದ ಪಿತ್ತದ ಲೆಕ್ಕ.
ಪೂರ್ತಿ ಮುಚ್ಚಬಾರದು. ಎಷ್ಟು ಓರೆ ಮಾಡಿದರೆ
ಮನೆಯವರು ಮೈ ಸವರಿಕೊಂಡಾದರೂ ಬಂದಾರು,
ಅವನಿಗೆ ಮಾತ್ರ ಭುಜ ಸಿಕ್ಕಿಕೊಂಡೀತು?
ಇಂದು ಹತ್ತರಲ್ಲೊಂದು ಪಾಲು ಮದ್ದು. ನಾಳೆ ಅದರ ಅರ್ಧ.

ಸಂಜೆಯ ಗಾಡಿ. ಟಿಕೆಟಿನಲ್ಲಿ ಕಾಞಂಗಾಡು,
ಅಜ್ಜಿಯ ಬಾಯಲ್ಲಿ ಹೊಸದುರ್ಗ,
ಹತ್ತುವ ಮೆಟ್ಟಿಲು ಒಂದೇ.
ಬಾಗಿಲಿಗಡ್ಡ ಮೀನಿನ ಖಾಲಿ ಬುಟ್ಟಿಗಳು.
ಒಂದು ಬದಿಗೆ ತಿರುಗಿ, ಉಸಿರು ಹಿಡಿದು
ತೂರಿಕೊಂಡೆ.