ತುಕ್ಕಿನ ಲೆಕ್ಕ

ಮೂವತ್ತೊಂದು ವರ್ಷ ಕೆರೆದಿದ್ದೇನೆ,
ಕ್ಲೈಪೆಡಾ ಬಂದರಿನ ಡ್ರೈಡಾಕಿನಲ್ಲಿ
ಹಡಗಿನ ಹೊಟ್ಟೆಯಡಿ ಕತ್ತು ಹೊರಳಿಸಿ ನಿಂತು.
ಸುತ್ತಿಗೆ, ಉಳಿ, ತಂತಿಬ್ರಷ್ಷು.
ರಾತ್ರಿ ಉಗುಳಿದರೆ ಕೆಂಪು;
ಮೊದಮೊದಲು ಹೆಂಡತಿ ರಕ್ತವೆಂದು ಹೆದರುತ್ತಿದ್ದಳು.

ಈಗ ನೋಡಿ, ಮಗಳು ಸ್ಕೈಸ್ತೆ
ಅಡುಗೆಮನೆಯ ಮೇಜಿಗೆ ಕೂತು
ತುಕ್ಕು ತಯಾರಿಸುತ್ತಾಳೆ.

"ಇದಕ್ಕೆಷ್ಟು ದುಡ್ಡು ತೆತ್ತೆ?"
"ಏನೂ ಇಲ್ಲಪ್ಪ, ಇದು ಸ್ವತಂತ್ರ ತಂತ್ರಾಂಶ.
ಬೇಕಾದವರು ಬಿಚ್ಚಿ ನೋಡಬಹುದು, ತಿದ್ದಬಹುದು,
ತಿದ್ದಿದ್ದನ್ನು ಊರಿಗೆಲ್ಲ ಹಂಚಬಹುದು."
ಪುಕ್ಕಟೆ ಬಣ್ಣ ಮೂರು ತಿಂಗಳೂ ಬಾಳದೆಂದು ಬಲ್ಲೆ.
ಸುಮ್ಮನಿದ್ದೆ.

ಪರದೆಯ ತುಂಬ ಪುಟ್ಟ ಪೆಟ್ಟಿಗೆಗಳು,
ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾರ.
ಒಂದರಲ್ಲಿ ಬರೀ ಗದ್ದಲ, ಬೂದಿ ಎರಚಿದ ಹಾಗೆ.
ಅದನ್ನು ಹಿಗ್ಗಿಸುತ್ತಾಳೆ,
ಅದರ ಬೆನ್ನಿಗೆ ಅದನ್ನೇ ಕಿರಿದು ಮಾಡಿ ಹೇರುತ್ತಾಳೆ,
ಮತ್ತೂ ಕಿರಿದು, ಮತ್ತೂ;
ಆಮೇಲೆ ಬಣ್ಣದ ಪಟ್ಟಿಗೆ ಒಪ್ಪಿಸುತ್ತಾಳೆ:
ಕಪ್ಪಿದ್ದಲ್ಲಿ ಕಂದು, ಬೆಳ್ಳಗಿದ್ದಲ್ಲಿ ಕಿತ್ತಳೆ.
ಫೋಟೊ ಒಂದೂ ಇಲ್ಲ. ಬರೀ ಲೆಕ್ಕ.
ಲೆಕ್ಕಕ್ಕೇ ತುಕ್ಕು ಹಿಡಿದಿದೆ.

ಚೆನ್ನಾಗಿದೆ ಅಂದೆ. ಸುಳ್ಳು ಅಂತಲೂ ಅಂದೆ.
"ತುಕ್ಕು ಹೀಗೆ ಎಲ್ಲೆಡೆ ಸಮನಾಗಿ ಬರಲ್ಲ ಮಗಳೇ,
ಅದಕ್ಕೆ ಸೋಮಾರಿಗಳ ವಿಳಾಸ ಗೊತ್ತು.
ಬೆಸುಗೆಯ ಅಂಚು,
ಬೋಲ್ಟಿನ ಕೆಳಗೆ ಮೂಗು ಸೋರಿದ ಗೆರೆ,
ಲಂಗರಿನ ಸರಪಳಿ ಉಜ್ಜುವ ಕೆನ್ನೆ,
ಶುಕ್ರವಾರ ಸಂಜೆ ಬೇಗ ಮನೆ ಸೇರಲು ನಾವು
ಎರಡು ಪದರ ಬಳಿಯುವಲ್ಲಿ ಒಂದೇ ಬಳಿದ ಜಾಗ."

ನಕ್ಕಳು. ಹೊಸದೊಂದು ಪೆಟ್ಟಿಗೆ ಕಟ್ಟಿದಳು,
'ಅಪ್ಪನ ಶುಕ್ರವಾರ' ಎಂದು ಹೆಸರಿಟ್ಟಳು,
ಲೋಕಕ್ಕೆಲ್ಲ ಬಿಟ್ಟುಕೊಟ್ಟಳು.
ಚಿಲಿಯಲ್ಲಿ ಯಾರೋ ತಮ್ಮ ಆಟದ ರೈಲಿಗೆ ಹಚ್ಚಿದರಂತೆ.
ನಮ್ಮ ಫೋರ್‌ಮನ್‌ಗೆ ಮಾತ್ರ ಇನ್ನೂ ಗೊತ್ತಿಲ್ಲ.

ಒಂದು ಗುಂಡಿಯನ್ನು ಎಡಕ್ಕೆಳೆದರೆ ತುಕ್ಕೆಲ್ಲ ಮಾಯ.
ಮೂವತ್ತೊಂದು ವರ್ಷದ ಕೆಲಸ, ಒಂದು ಬೆರಳು.
ಅದಕ್ಕೆ ಬೇಸರವಿಲ್ಲ.
ನಿದ್ದೆ ಕೆಡಿಸಿದ್ದು ಬೀಜವೆಂಬ ಮನೆ:
ಅಲ್ಲಿ ಏಳು ಬರೆದರೆ ಒಂದು ತುಕ್ಕು, ಎಂಟಕ್ಕೆ ಬೇರೆಯೇ;
ಮರಳಿ ಏಳಕ್ಕೆ ಬಂದರೆ
ಮೊದಲಿನದೇ, ಒಂದು ಚುಕ್ಕೆಯೂ ಕದಲದೆ.
ಸಮುದ್ರ ಹೀಗೆ ಏನನ್ನೂ ಹಿಂದೆ ಕೊಟ್ಟದ್ದು ನಾ ಕಂಡಿಲ್ಲ.

ಜುವೆದ್ರಾ ಅಂತ ಒಂದು ಮೀನುಹಡಗಿತ್ತು.
ಅದರ ಎಡಪಕ್ಕೆಯಲ್ಲಿ, ನೀರಿನ ಗೆರೆಗೆ ಮೊಳ ಮೇಲೆ,
ಕುಂಟ ಬಾತುಕೋಳಿಯಂಥ ತುಕ್ಕು.
"ಇದೊಂದು ಬಿಡು, ನಾಳೆ ಮಗನಿಗೆ ತೋರಿಸಬೇಕು"
ಅಂದಿದ್ದ ಬ್ರೋನ್ಯುಸ್.
ಊಟದ ಗಂಟೆಗೆ ಮೊದಲೇ ಕೆರೆದು ಮುಗಿಸಿದ್ದೆ,
ಮರೆತು.
ಇಪ್ಪತ್ತು ವರ್ಷ ಜೊತೆಗೆ ದುಡಿದ; ಒಮ್ಮೆಯೂ ಎತ್ತಿ ಆಡಲಿಲ್ಲ.

"ಆ ಬಾತುಕೋಳಿಯ ಸಂಖ್ಯೆ ಇದರಲ್ಲಿ ಎಲ್ಲಾದರೂ ಇದೆಯೇನೇ?"
"ಇದ್ದರೂ ಇರಬಹುದು. ಹುಡುಕಿ ಪೂರೈಸದಪ್ಪ,
ಕೋಟಿಗಟ್ಟಲೆ ಇವೆ," ಎಂದು ಮಲಗಲು ಹೋದಳು.

ಲ್ಯಾಪ್‌ಟಾಪು ಮುಚ್ಚಿರಲಿಲ್ಲ.
ಉಗುರಿಲ್ಲದ ಬೆರಳಿನಿಂದ ಒಂದು ಒತ್ತಿದೆ.
ಎರಡು. ಮೂರು.
ಬೆಳಗಿನ ಮೊದಲ ಬಸ್ಸು ಹೋದಾಗ
ನಾನೂರ ಹನ್ನೊಂದರಲ್ಲಿದ್ದೆ.
ಇನ್ನೂರ ಆರರಲ್ಲಿ ಒಂದು ಕೊಕ್ಕು ಸಿಕ್ಕಿತ್ತು,
ಬರೀ ಕೊಕ್ಕು.
ಚೀಟಿಯಲ್ಲಿ ಬರೆದಿಟ್ಟಿದ್ದೇನೆ.